ಓದುಗರು ನಿಮ್ಮ ಬರಹದಲ್ಲಿ ತಪ್ಪು ತೋರಿಸಿದಾಗ ಏನು ಮಾಡಬೇಕು? ಒಂದು ಸಮಗ್ರ ಮಾರ್ಗದರ್ಶಿ

ಒಮ್ಮೆ ಚಂದ್ರನ ಬಗ್ಗೆ ಬರೆದಿದ್ದೆ. ಅದರಲ್ಲಿ "ಚಂದ್ರನ ಹಿಂಬದಿ ಸದಾ ಕತ್ತಲಲ್ಲೇ ಇರುತ್ತದೆ" ಅಂತ ಒಂದು ಸಾಲು ಇತ್ತು. ಎರಡೇ ದಿನದಲ್ಲಿ ಓದುಗರೊಬ್ಬರ ಮೇಲ್ ಬಂತು. ಹಿಂಬದಿ ನಮಗೆ ಕಾಣುವುದಿಲ್ಲ ಅಷ್ಟೇ, ಅಲ್ಲಿಗೂ ಬಿಸಿಲು ಬೀಳುತ್ತದೆ, ಸುಮಾರು ಎರಡು ವಾರ ಹಗಲು, ಎರಡು ವಾರ ರಾತ್ರಿ, ಅಮಾವಾಸ್ಯೆಯ ದಿನವಂತೂ ಆ ಕಡೆಯೇ ಪೂರ್ತಿ ಬೆಳಕಿರುತ್ತದೆ ಅಂತ ತಾಳ್ಮೆಯಿಂದ ವಿವರಿಸಿದ್ದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸುಮ್ನೆ ಹೋಗಿ ಆ ಸಾಲು ಬದಲಾಯಿಸಿಬಿಟ್ಟೆ. ಅವರಿಗೆ ಉತ್ತರ ಬರೆಯಲಿಲ್ಲ. ತಿದ್ದಿದ್ದೇನೆ ಅಂತ ಎಲ್ಲೂ ಹೇಳಲಿಲ್ಲ.

ವಾರ ಕಳೆದ ಮೇಲೆ ಅವರಿಂದ ಇನ್ನೊಂದು ಮೇಲ್. ಅಷ್ಟರಲ್ಲಿ ಅವರು ಗೆಳೆಯರ ಹತ್ತಿರ ಈ ತಪ್ಪಿನ ವಿಷಯ ಮಾತಾಡಿದ್ದರಂತೆ. ಗೆಳೆಯರು ಬರಹ ತೆಗೆದು ನೋಡಿದರೆ ಅಲ್ಲಿ ತಪ್ಪೇ ಇಲ್ಲ. "ನೀನೇ ಸರಿಯಾಗಿ ಓದಿಲ್ಲ" ಅಂದರಂತೆ. ಕೊನೆಯಲ್ಲಿ ಒಂದೇ ಸಾಲು: "ತಪ್ಪು ನಿಮ್ಮದು, ಸುಳ್ಳುಗಾರ ನಾನಾದೆ."

ಆ ಸಾಲು ನನ್ನನ್ನು ಬಹಳ ದಿನ ಬಿಡಲಿಲ್ಲ. ನಮ್ಮ ಬರಹದಲ್ಲಿ ತಪ್ಪು ಕಂಡ ಹೆಚ್ಚಿನವರು ಸುಮ್ಮನೆ ಮುಂದೆ ಹೋಗುತ್ತಾರೆ. ಎಲ್ಲೋ ಒಬ್ಬರು ತಮ್ಮ ಹೊತ್ತು ಕೊಟ್ಟು, ಹುಡುಕಿ, ಬರೆದು ಕಳಿಸುತ್ತಾರೆ. ಅಂಥವರನ್ನೇ ನಾನು ಸುಳ್ಳುಗಾರರನ್ನಾಗಿ ಮಾಡಿದ್ದೆ. ತಿದ್ದಿದರೆ ಸಾಲದು, ತಿದ್ದಿದ್ದು ಕಾಣಬೇಕು ಅಂತ ಗೊತ್ತಾಗಿದ್ದು ಆವಾಗ. ಅಲ್ಲಿಂದ ಇಲ್ಲಿವರೆಗೆ ನಾನು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

1. ಮೇಲ್ ಓದಿದ ಕೂಡಲೇ ಉತ್ತರ ಬರೆಯಬೇಡಿ

ನಮ್ಮ ಬರಹದಲ್ಲಿ ತಪ್ಪಿದೆ ಅಂತ ಯಾರಾದರೂ ಹೇಳಿದಾಗ ಕಿವಿ ಬಿಸಿಯಾಗುತ್ತದೆ. ಹತ್ತು ಜನ ಹೊಗಳಿದ್ದು ಮರೆತುಹೋಗಿ ಒಬ್ಬರು ಅಂದ ಮಾತು ರಾತ್ರಿಯೆಲ್ಲ ಕೊರೆಯುತ್ತದೆ. ಇದು ನಿಮ್ಮೊಬ್ಬರ ದೌರ್ಬಲ್ಯ ಅಂದುಕೊಳ್ಳಬೇಡಿ. ಒಳ್ಳೆಯದಕ್ಕಿಂತ ಕೆಟ್ಟದ್ದು ಮನಸ್ಸಿಗೆ ಹೆಚ್ಚು ಗಟ್ಟಿಯಾಗಿ ನಾಟುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು 2001ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿ ಹೇಳಿದ್ದರು. ಹಾಗಾಗಿ ಆ ಬಿಸಿಯಲ್ಲಿ ಬರೆದ ಉತ್ತರ ಓದುಗರ ಮಾತಿಗೆ ಕೊಟ್ಟ ಉತ್ತರ ಆಗಿರುವುದಿಲ್ಲ, ನಿಮ್ಮ ನೋವಿಗೆ ಕೊಟ್ಟ ಉತ್ತರ ಆಗಿರುತ್ತದೆ.

ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಮಾಹಿತಿ ತಪ್ಪು ಅಂತ ಹೇಳಿದ್ದರೆ ಅದೇ ದಿನ ಪರಿಶೀಲನೆ ಶುರು ಮಾಡುತ್ತೇನೆ. ಬರಹ ಚೆನ್ನಾಗಿಲ್ಲ, ವಾದ ಸರಿಯಿಲ್ಲ ಅಂತ ಹೇಳಿದ್ದರೆ ಒಂದು ರಾತ್ರಿ ಕಳೆಯಲು ಬಿಡುತ್ತೇನೆ.

ಇದಕ್ಕೆ ಒಂದು ವಿನಾಯಿತಿ ಇದೆ. ನಿಮ್ಮ ತಪ್ಪಿನಿಂದ ಯಾರಿಗಾದರೂ ಅಪಾಯ ಆಗಬಹುದು ಅಂತಿದ್ದರೆ ಕಾಯಬೇಡಿ. ಔಷಧಿಯ ಪ್ರಮಾಣ, ಕರೆಂಟಿನ ಕೆಲಸ, ಒಬ್ಬರ ಮೇಲಿನ ಆರೋಪ, ಇಂಥ ವಿಷಯಗಳಲ್ಲಿ ಮೊದಲು ಆ ಸಾಲನ್ನು ತೆಗೆದು "ಇದನ್ನು ಪರಿಶೀಲಿಸುತ್ತಿದ್ದೇನೆ" ಅಂತ ಹಾಕಿ. ಯಾರು ಸರಿ, ಯಾರು ತಪ್ಪು ಅನ್ನುವುದನ್ನು ಆಮೇಲೆ ನೋಡಬಹುದು.

2. ಕಾಳು ಜೊಳ್ಳು ಬೇರೆ ಮಾಡಿ

ಇದು ನಿಜವಾದ ಕೆಲಸ. ಒಂದೇ ಮೆಸೇಜಿನಲ್ಲಿ ನಾಲ್ಕೈದು ವಿಷಯ ಕಲಸಿಕೊಂಡಿರುತ್ತವೆ. ಒಟ್ಟಾಗಿ ನೋಡಿದರೆ ಬರೀ ಬೈಗುಳದ ಹಾಗೆ ಕಾಣುತ್ತದೆ. ಉದಾಹರಣೆಗೆ ಇಂಥದ್ದೊಂದು ಬಂತು ಅಂದುಕೊಳ್ಳಿ:

"ಏನ್ರೀ ಇದು? ಗೊತ್ತಿಲ್ಲದ ವಿಷಯದ ಬಗ್ಗೆ ಯಾಕೆ ಬರೀತೀರಾ? ಮನುಷ್ಯ ಚಂದ್ರನ ಮೇಲೆ ಇಳಿದಿದ್ದು 1968ರಲ್ಲಂತೆ! ಎಲ್ಲಾ ಎಲ್ಲಿಂದಲೋ ಎತ್ತಿದ ಹಾಗಿದೆ. ಕೊನೆಗೆ ಏನು ಹೇಳೋಕೆ ಹೊರಟಿದೀರಾ ಅಂತಾನೇ ಗೊತ್ತಾಗಲ್ಲ."

ಇದನ್ನು ಒಂದು ಹಾಳೆಯಲ್ಲಿ ಸಾಲು ಸಾಲಾಗಿ ಬಿಡಿಸಿ ಬರೆಯಿರಿ. "ಏನ್ರೀ ಇದು, ಯಾಕೆ ಬರೀತೀರಾ" ಅನ್ನುವುದು ಸಿಟ್ಟು. ಅದಕ್ಕೆ ಉತ್ತರ ಬೇಕಿಲ್ಲ, ಪಕ್ಕಕ್ಕಿಡಿ. 1968 ಅನ್ನುವುದು ಮಾಹಿತಿ. ಅದು ತಪ್ಪು ಅಂತ ಅವರು ತೋರಿಸುತ್ತಿದ್ದಾರೆ, ನೋಡಿದರೆ ಅವರ ಮಾತು ಸರಿ. 1968ರ ಡಿಸೆಂಬರಿನಲ್ಲಿ ಅಪೊಲೊ 8 ಚಂದ್ರನನ್ನು ಸುತ್ತಿ ಬಂತು ಅಷ್ಟೇ, ಇಳಿದಿದ್ದು 1969ರ ಜುಲೈ 20ಕ್ಕೆ, ಅಪೊಲೊ 11ರಲ್ಲಿ. "ಎತ್ತಿದ ಹಾಗಿದೆ" ಅನ್ನುವುದು ಆರೋಪ, ಅದೂ ದೊಡ್ಡ ಆರೋಪ. ಅದನ್ನು ಸಿಟ್ಟಿನ ಲೆಕ್ಕಕ್ಕೆ ಸೇರಿಸಿ ತಳ್ಳಿಹಾಕಬಾರದು. ಎಲ್ಲಿ ಹಾಗನ್ನಿಸಿತು ಅಂತ ಕೇಳಬೇಕು, ನಿಮ್ಮ ಟಿಪ್ಪಣಿಗಳನ್ನು ನೀವೂ ಒಮ್ಮೆ ತೆಗೆದು ನೋಡಬೇಕು. ಕೊನೆಯ ಸಾಲು ಅಭಿಪ್ರಾಯ. ಅದು ನಿಮ್ಮ ಬರಹದ ಕಟ್ಟಡದ ಬಗ್ಗೆ ಹೇಳಿದ್ದು, ಮೆಸೇಜಿನಲ್ಲಿ ನಿಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಮಾತು ಅದೇ ಇರಬಹುದು.

ಹೀಗೆ ಬಿಡಿಸಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಒರಟಾಗಿ ಹೇಳಿದವರು ಸರಿಯಾದದ್ದನ್ನೇ ಹೇಳಿರಬಹುದು, ಬಹಳ ವಿನಯದಿಂದ ಬರೆದವರ ತಿದ್ದುಪಡಿ ತಪ್ಪಾಗಿರಬಹುದು. ಧಾಟಿ ನೋಡಿ ಮಾತಿನ ತೂಕ ಅಳೆಯಲು ಹೋದರೆ ಎರಡೂ ಕಡೆ ಮೋಸ ಹೋಗುತ್ತೇವೆ.

3. ನೀವೇ ಹೋಗಿ ನೋಡಿ

ಓದುಗರು ಹೇಳಿದ್ದಾರೆ ಅಂತ ಕಣ್ಣು ಮುಚ್ಚಿ ತಿದ್ದಬೇಡಿ. ಓದುಗರೂ ತಪ್ಪು ಮಾಡುತ್ತಾರೆ, ಮತ್ತು ಅವರ ತಪ್ಪನ್ನು ನಿಮ್ಮ ಬರಹಕ್ಕೆ ಸೇರಿಸಿದರೆ ಆಮೇಲೆ ಅದು ನಿಮ್ಮದೇ ತಪ್ಪು. ಮೂಲಕ್ಕೆ ಎಷ್ಟು ಹತ್ತಿರ ಹೋಗಲು ಆಗುತ್ತದೋ ಅಷ್ಟು ಹೋಗಿ. ಎರಡು ಕಡೆ ಒಂದೇ ಮಾಹಿತಿ ಸಿಕ್ಕರೂ ಒಂದನ್ನು ನೋಡಿ ಇನ್ನೊಂದು ನಕಲು ಮಾಡಿದ್ದರೆ ಅದು ಒಂದೇ ಸಾಕ್ಷಿ. ಗೊತ್ತಾಗದಿದ್ದರೆ ಅವರನ್ನೇ ಕೇಳಿ: "ಇದನ್ನು ನೀವು ಎಲ್ಲಿ ನೋಡಿದಿರಿ ಅಂತ ತಿಳಿಸಿದರೆ ನನಗೆ ಪರಿಶೀಲಿಸಲು ಅನುಕೂಲ." ಹೀಗೆ ಕೇಳಿದರೆ ಬೇಜಾರಾಗುವವರು ಕಡಿಮೆ. ನಿಜವಾಗಿ ಗೊತ್ತಿದ್ದವರು ಖುಷಿಯಿಂದ ಹೇಳುತ್ತಾರೆ.

ಕಾಗುಣಿತದ ವಿಷಯದಲ್ಲಿ ನಿಘಂಟು ತೆಗೆಯಿರಿ. "ಅಧ್ಬುತ" ಅಂತ ಬರೆದಿದ್ದರೆ ಅದು ತಪ್ಪೇ, "ಅದ್ಭುತ" ಆಗಬೇಕು, "ವಿಧ್ಯಾರ್ಥಿ"ಯೂ ಹಾಗೇ. ಅಲ್ಪಪ್ರಾಣ, ಮಹಾಪ್ರಾಣ ಅದಲುಬದಲಾಗುವುದು ವೇಗವಾಗಿ ಟೈಪ್ ಮಾಡುವಾಗ ಆಗುತ್ತಲೇ ಇರುತ್ತದೆ. ಆದರೆ "ಹೊಸದು" ಅಂತ ಬರೆದಿದ್ದಕ್ಕೆ "ಹೊಸತು" ಅಂತ ತಿದ್ದಿ ಕಳಿಸಿದರೆ ಬದಲಾಯಿಸಬೇಕಿಲ್ಲ, ಎರಡೂ ಬಳಕೆಯಲ್ಲಿವೆ. ಆವಾಗಲೂ ಒಂದು ಸಾಲಿನ ಉತ್ತರ ಬರೆಯಿರಿ. ಅವರು ಮುಂದಿನ ಸಲ ನಿಜವಾದ ತಪ್ಪು ತೋರಿಸುವವರು.

4. ತಿದ್ದಿ, ಗುರುತು ಉಳಿಸಿ

ಅಕ್ಷರ ತಪ್ಪುಗಳನ್ನು ಸುಮ್ನೆ ತಿದ್ದಬಹುದು. ಒಂದು ಒತ್ತಕ್ಷರ ಸರಿ ಮಾಡಿದ್ದಕ್ಕೆಲ್ಲ ಟಿಪ್ಪಣಿ ಹಾಕಿದರೆ ಓದುವವರಿಗೆ ಕಿರಿಕಿರಿ. ಆದರೆ ಹೆಸರು, ಇಸವಿ, ಅಂಕಿ, ಯಾರು ಏನು ಹೇಳಿದರು, ಯಾವುದರಿಂದ ಏನಾಯಿತು, ಇವುಗಳಲ್ಲಿ ಏನೇ ಬದಲಾದರೂ ಅದು ಕಾಣಬೇಕು. ಹಳೆಯದನ್ನು ಓದಿ ಹೋದವರು ಇದ್ದಾರೆ, ಅದನ್ನು ಬೇರೆ ಕಡೆ ಹೇಳಿದವರು ಇದ್ದಾರೆ. ಅವರು ಮತ್ತೆ ಬಂದಾಗ ಏನಾಯಿತು ಅಂತ ತಿಳಿಯಬೇಕು.

ಇದೇನೂ ಹೊಸ ಪದ್ಧತಿ ಅಲ್ಲ. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ "ತಪ್ಪು", "ಒಪ್ಪು" ಅಂತ ಎರಡು ಕಾಲಮ್ ಮಾಡಿ, ಪುಟ, ಸಾಲು ಸಮೇತ ಅಚ್ಚು ಹಾಕುತ್ತಿದ್ದರು. ಒಪ್ಪೋಲೆ ಅಂತ ಎಷ್ಟು ಚೆಂದದ ಹೆಸರು ಅದಕ್ಕೆ! ನಾನು ಅಂಥ ಪುಸ್ತಕ ಕೈಗೆ ಸಿಕ್ಕರೆ ಮೊದಲು ಆ ಪುಟ ತೆಗೆಯುತ್ತೇನೆ, ಅದನ್ನು ನೋಡಿದರೆ ಪುಸ್ತಕದ ಮೇಲಿನ ನಂಬಿಕೆ ಜಾಸ್ತಿಯೇ ಆಗುತ್ತದೆ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಂತೂ 1997ರಲ್ಲಿ ಓದುಗರ ದೂರುಗಳನ್ನು ನೋಡಿಕೊಳ್ಳುವುದಕ್ಕೆಂದೇ ಒಬ್ಬ ಸಂಪಾದಕರನ್ನು ನೇಮಿಸಿ, ತಿದ್ದುಪಡಿಗಳಿಗೆ ಪತ್ರಿಕೆಯಲ್ಲಿ ಖಾಯಂ ಜಾಗ ಕೊಟ್ಟಿತು.

ಟಿಪ್ಪಣಿ ಹೇಗಿರಬೇಕು? ಚಂದ್ರನ ಬರಹಕ್ಕೆ ನಾನು ಕೊನೆಗೂ ಹಾಕಿದ್ದು ಇದು:

"ತಿದ್ದುಪಡಿ, ಮಾರ್ಚ್ 12: ಚಂದ್ರನ ಹಿಂಬದಿಗೂ ಬಿಸಿಲು ಬೀಳುತ್ತದೆ. ಅಲ್ಲಿ ಸುಮಾರು ಎರಡು ವಾರ ಹಗಲು, ಎರಡು ವಾರ ರಾತ್ರಿ. ಅಲ್ಲಿ ಸದಾ ಕತ್ತಲಿರುತ್ತದೆ ಎಂದು ಈ ಬರಹದಲ್ಲಿ ಮೊದಲು ತಪ್ಪಾಗಿ ಬರೆದಿದ್ದೆ. ಓದುಗರೊಬ್ಬರು ತೋರಿಸಿಕೊಟ್ಟ ಮೇಲೆ ತಿದ್ದಿದ್ದೇನೆ."

ಸರಿಯಾದ ಮಾತು ಮೊದಲು ಬಂದಿದೆ ಗಮನಿಸಿ. ತಪ್ಪು ಮಾಹಿತಿಗೆ ಒಂದು ಹಠ ಇರುತ್ತದೆ. ಅದು ತಪ್ಪು ಅಂತ ಗೊತ್ತಾದ ಮೇಲೂ ತಲೆಯಲ್ಲಿ ಉಳಿದು ಯೋಚನೆಯನ್ನು ಎಳೆಯುತ್ತಿರುತ್ತದೆ. ಅದಕ್ಕೇ ತಪ್ಪನ್ನು ಒಂದೇ ಸಲ, ಚಿಕ್ಕದಾಗಿ ಹೇಳಿ, ಸರಿಯಾದದ್ದನ್ನು ಸ್ಪಷ್ಟವಾಗಿ ಹೇಳಬೇಕು. ತಾರೀಖು ಇರಲಿ. ತೋರಿಸಿದವರ ಹೆಸರು ಹಾಕುವ ಮೊದಲು ಅವರನ್ನು ಕೇಳಿ, ಕೆಲವರಿಗೆ ಹೆಸರು ಬರುವುದು ಇಷ್ಟ ಇರುವುದಿಲ್ಲ.

ಟಿಪ್ಪಣಿಯ ಜಾಗವೂ ಮುಖ್ಯ. ಒಂದು ಇಸವಿ ತಪ್ಪಿದ್ದರೆ ಬರಹದ ಕೊನೆಯಲ್ಲಿ ಸಾಕು. ಇಡೀ ವಾದವೇ ಆ ತಪ್ಪಿನ ಮೇಲೆ ನಿಂತಿದ್ದರೆ ಟಿಪ್ಪಣಿ ಶೀರ್ಷಿಕೆಯ ಕೆಳಗೇ ಬರಬೇಕು. ಬರಹ ಪೂರ್ತಿ ಬಿದ್ದುಹೋದರೆ, ಅಂದರೆ ನೀವು ಹೇಳಿದ್ದು ಯಾವುದೂ ನಿಲ್ಲುವುದಿಲ್ಲ ಅಂತ ಖಚಿತವಾದರೆ, ಅದನ್ನು ಅಳಿಸಿ ಕಣ್ಮರೆ ಮಾಡಬೇಡಿ. ಮೇಲೆ "ಈ ಬರಹವನ್ನು ಹಿಂತೆಗೆದುಕೊಂಡಿದ್ದೇನೆ, ಕಾರಣ ಇದು" ಅಂತ ಬರೆದು ಉಳಿಸಿ. ವಿಜ್ಞಾನ ಪತ್ರಿಕೆಗಳು ಪ್ರಬಂಧಗಳನ್ನು ಹಿಂತೆಗೆದುಕೊಳ್ಳುವಾಗ ಸಾಮಾನ್ಯವಾಗಿ ಹೀಗೇ ಮಾಡುತ್ತವೆ.

ಬರಹ ಹಳೆಯದಾಯಿತು, ಈಗ ಯಾರು ಓದುತ್ತಾರೆ ಅಂತ ಬಿಡಲೂಬೇಡಿ. ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಕಥೆ ನನಗೆ ಯಾವಾಗಲೂ ನೆನಪಾಗುತ್ತದೆ. ಗಾಳಿಯೇ ಇಲ್ಲದ ಕಡೆ ರಾಕೆಟ್ ಹೇಗೆ ಓಡುತ್ತದೆ, ಶಾಲೆಯಲ್ಲಿ ಕಲಿಸುವಷ್ಟೂ ಇವರಿಗೆ ಗೊತ್ತಿಲ್ಲ ಅಂತ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1920ರ ಜನವರಿಯಲ್ಲಿ ಅವರನ್ನು ಹಂಗಿಸಿ ಸಂಪಾದಕೀಯ ಬರೆದಿತ್ತು. ತಪ್ಪು ಪತ್ರಿಕೆಯದ್ದೇ ಆಗಿತ್ತು. ಅದನ್ನು ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನ ದಾರಿಯಲ್ಲಿದ್ದಾಗ. 49 ವರ್ಷ ಆದ ಮೇಲಾದರೂ ತಿದ್ದಿದರಲ್ಲ ಅಂತ ಸಮಾಧಾನ ಆಗುತ್ತದೆ, ಆದರೆ ಗೊಡಾರ್ಡ್ 1945ರಲ್ಲೇ ತೀರಿಕೊಂಡಿದ್ದರು. ಅವರಿಗೆ ಅದನ್ನು ಓದಲು ಆಗಲಿಲ್ಲ.

5. ಉತ್ತರ ಬರೆಯುವಾಗ

ಚಿಕ್ಕದಾಗಿ ಬರೆಯಿರಿ. ಅವರು ಹೇಳಿದ್ದು ಸರಿ ಅಂತ ಮೊದಲ ಸಾಲಿನಲ್ಲೇ ಹೇಳಿ, ಏನು ಬದಲಾಯಿಸಿದ್ದೀರಿ ಅಂತ ಎರಡನೇ ಸಾಲಿನಲ್ಲಿ, ಥ್ಯಾಂಕ್ಸ್ ಮೂರನೆಯದರಲ್ಲಿ. ಇಷ್ಟು ಸಾಕು. "ಧನ್ಯವಾದ, ಆದರೆ..." ಅಂತ ಶುರು ಮಾಡಿದರೆ ಓದುವವರು "ಆದರೆ"ಯನ್ನು ಮಾತ್ರ ಓದುತ್ತಾರೆ.

ನಮ್ಮ ಭಾಷೆಯಲ್ಲಿ ತಪ್ಪಿನಿಂದ ಜಾರಿಕೊಳ್ಳಲು ಎಷ್ಟೊಂದು ದಾರಿಗಳಿವೆ ಅಂತ ನನ್ನ ಹಳೆಯ ಉತ್ತರಗಳನ್ನು ಓದಿದಾಗ ತಿಳಿಯಿತು. "ಬರಹದಲ್ಲಿ ತಪ್ಪೊಂದು ನುಸುಳಿದೆ" ಅಂತ ಬರೆಯುತ್ತೇವೆ, ತಪ್ಪು ತಾನೇ ನಡೆದುಕೊಂಡು ಒಳಗೆ ಬಂದ ಹಾಗೆ. "ಕಣ್ತಪ್ಪಿನಿಂದ ಆಗಿದೆ" ಅನ್ನುತ್ತೇವೆ, ನಿಜವಾಗಿ ನಮಗೆ ಗೊತ್ತೇ ಇರಲಿಲ್ಲ. "ತಪ್ಪಾಗಿದ್ದರೆ ಕ್ಷಮಿಸಿ" ಅನ್ನುತ್ತೇವೆ. ಈ "ಆಗಿದ್ದರೆ" ಇದೆಯಲ್ಲ, ಅದು ಕ್ಷಮೆಯನ್ನು ಅರ್ಧಕ್ಕೆ ಇಳಿಸುತ್ತದೆ. ತಪ್ಪಾಗಿದೆ ಅಂತ ಅವರು ತೋರಿಸಿಯಾಗಿದೆ, ಇನ್ನು "ಆಗಿದ್ದರೆ" ಯಾಕೆ? "ನಾನು ತಪ್ಪು ಬರೆದಿದ್ದೆ, ಈಗ ತಿದ್ದಿದ್ದೇನೆ" ಅಂತ ಬರೆದು ನೋಡಿ. ಬರೆಯುವಾಗ ಒಂದು ಕ್ಷಣ ಕಷ್ಟ, ಬರೆದ ಮೇಲೆ ಎಷ್ಟು ಹಗುರ ಅನ್ನಿಸುತ್ತದೆ ಗೊತ್ತಾ.

ಚಂದ್ರನ ಬರಹದ ಓದುಗರಿಗೆ ನಾನು ಬರೆದಿದ್ದು: "ನೀವು ಹೇಳಿದ್ದು ಪೂರ್ತಿ ಸರಿ. ಹೇಳದೆ ತಿದ್ದಿ ನಿಮ್ಮನ್ನು ಮುಜುಗರಕ್ಕೆ ಸಿಕ್ಕಿಸಿದೆ, ಅದು ನನ್ನದೇ ತಪ್ಪು, ಕ್ಷಮಿಸಿ. ಬರಹದ ಕೊನೆಯಲ್ಲಿ ಈಗ ಟಿಪ್ಪಣಿ ಹಾಕಿದ್ದೇನೆ, ನಿಮ್ಮ ಗೆಳೆಯರಿಗೆ ತೋರಿಸಬಹುದು." ಮಾರನೇ ದಿನ ಎರಡು ಪದದ ಉತ್ತರ ಬಂತು. "ಗೆಳೆಯರಿಗೆ ತೋರಿಸಿದೆ."

ಪರಿಶೀಲಿಸಿದ ಮೇಲೆ ನೀವೇ ಸರಿ ಅಂತ ಗೊತ್ತಾದರೆ? ಆವಾಗಲೂ ಥ್ಯಾಂಕ್ಸ್ ಹೇಳಿ, ನಿಮಗೆ ಎಲ್ಲಿ ಸಿಕ್ಕಿತು ಅಂತ ತಿಳಿಸಿ, ನಿಲ್ಲಿಸಿ. ಗೆದ್ದ ಧಾಟಿ ಬೇಡ. ಅವರು ಹಾಗೆ ಅರ್ಥ ಮಾಡಿಕೊಳ್ಳಲು ನಿಮ್ಮ ವಾಕ್ಯವೇ ಗೊಂದಲ ಮಾಡಿರಬಹುದು, ಅದನ್ನೂ ಒಮ್ಮೆ ನೋಡಿ.

6. ತಪ್ಪಲ್ಲ, ಬರೀ ಒಪ್ಪಿಗೆಯಾಗಲಿಲ್ಲ ಅಂದಾಗ

ಎಲ್ಲ ಟೀಕೆಗೂ ಬರಹ ಬದಲಾಯಿಸುತ್ತಾ ಹೋದರೆ ಕೊನೆಗೆ ಅದು ಯಾರ ಬರಹವೂ ಆಗಿ ಉಳಿಯುವುದಿಲ್ಲ. ಅಭಿಪ್ರಾಯ ನಿಮ್ಮದು, ಅದನ್ನು ಇಟ್ಟುಕೊಳ್ಳುವ ಹಕ್ಕೂ ನಿಮ್ಮದು. ಆದರೆ ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಮೂವರು ಒಂದೇ ಜಾಗದಲ್ಲಿ ಎಡವಿದ್ದರೆ ಅಲ್ಲಿ ಕಲ್ಲಿದೆ ಅಂತಲೇ ಅರ್ಥ. ಅವರು ಹೇಳುವ ಪರಿಹಾರ ಸರಿ ಇರಬೇಕಂತಿಲ್ಲ. "ಬರಹ ಉದ್ದ ಆಯ್ತು" ಅಂದವರಿಗೆ ನಿಜವಾದ ತೊಂದರೆ ಉದ್ದದ್ದು ಆಗಿರುವುದಿಲ್ಲ, ಮುಖ್ಯ ವಿಷಯ ಎಂಟನೇ ಪ್ಯಾರಾದಲ್ಲಿ ಬಂದಿರುತ್ತದೆ ಅಷ್ಟೇ. ಎಲ್ಲಿ ನೋವು ಅಂತ ಓದುಗರು ಹೇಳುತ್ತಾರೆ, ಕಾರಣ ಹುಡುಕುವುದು ಬರೆದವರ ಕೆಲಸ.

ಚರ್ಚೆಗೆ ಇಳಿದರೆ ಎರಡು ಸುತ್ತು ಸಾಕು. ಒಮ್ಮೆ ನಿಮ್ಮ ಮಾತು ವಿವರಿಸಿ, ಇನ್ನೊಮ್ಮೆ ಅವರ ಪ್ರಶ್ನೆಗೆ ಉತ್ತರಿಸಿ. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ವಿಷಯ ಹಿಂದೆ ಉಳಿದು ಗೆಲ್ಲುವುದೇ ಮುಖ್ಯವಾಗಿರುತ್ತದೆ. ನಿಮ್ಮ ಪರವಾಗಿ ಮಾತಾಡಿ ಅಂತ ಗೆಳೆಯರನ್ನು ಕರೆಯುವ ಕೆಲಸವನ್ನಂತೂ ಮಾಡಲೇಬೇಡಿ. ಒಬ್ಬ ಓದುಗರ ಮೇಲೆ ಹತ್ತು ಜನ ಮುಗಿಬಿದ್ದರೆ, ಅದನ್ನು ನೋಡಿದ ಬೇರೆ ಯಾರೂ ಮುಂದೆ ನಿಮಗೆ ತಪ್ಪು ತೋರಿಸುವುದಿಲ್ಲ.

ನಿಮ್ಮ ಬಗ್ಗೆ ಬೇರೆ ಕಡೆ ಬರೆದ ಟೀಕೆಯನ್ನು ತೆಗೆಸಲು ಹೋಗುವುದೂ ಹಾಗೇ. 2003ರಲ್ಲಿ ಗಾಯಕಿ ಬಾರ್ಬರಾ ಸ್ಟ್ರೈಸಂಡ್ ತಮ್ಮ ಮನೆ ಕಾಣುವ ಒಂದು ಫೋಟೊ ತೆಗೆಸಿಹಾಕಲು ಕೋರ್ಟಿಗೆ ಹೋದರು. ಅದಕ್ಕೆ ಮುಂಚೆ ಆ ಫೋಟೊ ಡೌನ್‌ಲೋಡ್ ಆಗಿದ್ದು ಬರೀ ಆರು ಸಲ, ಅದರಲ್ಲೂ ಎರಡು ಅವರ ವಕೀಲರದ್ದೇ. ಸುದ್ದಿ ಆದ ಮೇಲೆ ಒಂದೇ ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ನೋಡಲು ಬಂದರು.

7. ನಿಮ್ಮ ಪದದಿಂದ ಯಾರಿಗೋ ನೋವಾಗಿದೆ ಅಂದರೆ

ಇಲ್ಲಿ ವಾದ ಮಾಡಬೇಡಿ. "ನನ್ನ ಉದ್ದೇಶ ಅದಾಗಿರಲಿಲ್ಲ" ಅನ್ನುವುದು ನಿಜವೇ ಇರಬಹುದು, ಆದರೆ ಕಾಲು ತುಳಿದ ಮೇಲೆ ಉದ್ದೇಶ ವಿವರಿಸುತ್ತಾ ನಿಂತರೆ ಆಗುತ್ತದಾ? ಮೊದಲು ಕಾಲು ತೆಗೀಬೇಕು ಅಲ್ವಾ. ಯಾವ ಪದ, ಯಾಕೆ ನೋವಾಯಿತು, ಅವರು ತಮ್ಮ ಬಗ್ಗೆ ಯಾವ ಪದ ಬಳಸುತ್ತಾರೆ ಅಂತ ಕೇಳಿ. ಹೆಚ್ಚಿನ ಸಲ ಒಂದು ಪದ ಬದಲಾಯಿಸಿದರೆ ನಿಮ್ಮ ವಾದಕ್ಕೆ ಏನೂ ಕಡಿಮೆಯಾಗುವುದಿಲ್ಲ.

8. ಬೈಗುಳ, ಬೆದರಿಕೆ

ಬಿಡಿಸಿ ನೋಡಿದ ಮೇಲೂ ಕಾಳು ಸಿಗದೆ ಬರೀ ಜೊಳ್ಳೇ ಉಳಿದರೆ ಉತ್ತರ ಬೇಕಿಲ್ಲ. ಬ್ಲಾಕ್ ಮಾಡಿ. ಬೆದರಿಕೆ ಇದ್ದರೆ ಮಾತ್ರ ಅಳಿಸಬೇಡಿ. ತಾರೀಖು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಹತ್ತಿರದ ಒಬ್ಬರಿಗೆ ತಿಳಿಸಿ, ಹೆದರಿಕೆ ಅನ್ನಿಸಿದರೆ ಪೊಲೀಸರಿಗೆ ದೂರು ಕೊಡಿ. ಒಬ್ಬರೇ ಅದನ್ನು ಮತ್ತೆ ಮತ್ತೆ ಓದುತ್ತಾ ಕೂರಬೇಡಿ.

9. ಒಂದು ಪಟ್ಟಿ ಇಟ್ಟುಕೊಳ್ಳಿ

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕಗಳಲ್ಲಿ ಹೊಸ ತಪ್ಪು ಮೊದಲು ಹುಡುಕಿ ಕೊಟ್ಟವರಿಗೆ 2.56 ಡಾಲರ್ ಚೆಕ್ ಕಳಿಸುತ್ತಿದ್ದರು. ಕಂಪ್ಯೂಟರಿನವರು ಬಳಸುವ ಹದಿನಾರರ ಎಣಿಕೆಯಲ್ಲಿ 256ನ್ನು 100 ಅಂತ ಬರೆಯುತ್ತಾರೆ, ಹಾಗಾಗಿ 256 ಸೆಂಟ್ ಅಂದರೆ ಒಂದು ಡಾಲರ್ ಅನ್ನುವುದು ಅವರ ಲೆಕ್ಕ. 2008ರಿಂದ ಬ್ಯಾಂಕ್ ಚೆಕ್ ಬದಲು ಪ್ರಮಾಣಪತ್ರ ಕೊಡುತ್ತಿದ್ದಾರೆ. ಪಡೆದವರು ಎಷ್ಟೋ ಜನ ಚೆಕ್ಕನ್ನು ನಗದು ಮಾಡಿಕೊಳ್ಳದೆ ಫ್ರೇಮ್ ಹಾಕಿಸಿ ಇಟ್ಟುಕೊಂಡಿದ್ದಾರೆ. ಜೊತೆಗೆ ಅವರು ಸಿಕ್ಕ ತಪ್ಪುಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರೆ. ನಾವು ಚೆಕ್ ಕಳಿಸದಿದ್ದರೂ ಪಟ್ಟಿ ಇಡಬಹುದು.

ನನ್ನದು ಒಂದು ಸಾದಾ ಫೈಲ್. ತಾರೀಖು, ಯಾವ ಬರಹ, ಏನು ತಪ್ಪು, ಯಾಕೆ ಆಯಿತು, ನಾಲ್ಕೇ ಕಾಲಮ್. "ಯಾಕೆ ಆಯಿತು" ಅನ್ನುವ ಕಾಲಮ್ಮನ್ನು ಖಾಲಿ ಬಿಡಬೇಡಿ, ಅದನ್ನು ತುಂಬಿಸಲು ಹೊತ್ತು ಹಿಡಿಯುತ್ತದೆ ಅನ್ನುವುದು ನಿಜ. ವರ್ಷದ ಕೊನೆಗೆ ಅದನ್ನು ಒಟ್ಟಿಗೆ ಓದಿದಾಗ ನನಗೆ ಕಂಡಿದ್ದು ಏನೆಂದರೆ, ನಾನು ಹುಡುಕಿ ಬರೆದ ಕಡೆಗಳಲ್ಲಿ ತಪ್ಪು ಕಡಿಮೆ. "ಇದು ಗೊತ್ತೇ ಇದೆಯಲ್ಲ" ಅಂತ ನೆನಪಿನಿಂದ ಬರೆದ ಸಾಲುಗಳಲ್ಲೇ ಜಾಸ್ತಿ. ಚಂದ್ರನ ಹಿಂಬದಿಯ ಸಾಲೂ ಹಾಗೆ ಬರೆದದ್ದೇ. ಈಗ ಬರಹ ಮುಗಿದ ಮೇಲೆ ನೆನಪಿನಿಂದ ಬರೆದ ಸಾಲುಗಳ ಕೆಳಗೆ ಗೆರೆ ಎಳೆಯುತ್ತೇನೆ, ಆಮೇಲೆ ಒಂದೊಂದನ್ನೇ ತೆಗೆದು ನೋಡುತ್ತೇನೆ.